ದುಂಡು ಮಲ್ಲಿಗೆಯೋ, ಕಾಕಡವೋ? ಟೆರೇಸಿನಲ್ಲಿ ಬೆಳೆಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ದಿನಾ ದೇವರಿಗೆ ನಾಲ್ಕು ಹೂ ಬೇಕು ಅಂದರೆ ಕಾಕಡ ಇಡಿ, ಅದೂ ಮಲ್ಲಿಗೆಯ ಒಂದು ಜಾತಿಯೇ. ಘಮ ಬೇಕು ಅಂದರೆ ದುಂಡು ಮಲ್ಲಿಗೆ. ಎರಡು ಕುಂಡಕ್ಕೆ ಜಾಗ ಇದ್ದರೆ ಎರಡನ್ನೂ ಇಡಿ. ಇಷ್ಟು ತಿಳಿಯೋಕೆ ನನಗೆ 3 ವರ್ಷ, 6 ಕುಂಡ ಮತ್ತು ಅತ್ತೆಯವರ ಸಾಕಷ್ಟು ಮಾತು ಬೇಕಾಯಿತು.

ನಮ್ಮದು ಬೆಂಗಳೂರು, ಮೂರನೇ ಮಹಡಿಯ ಮೇಲಿನ ಟೆರೇಸು. ಬೆಳಿಗ್ಗೆ 8ರಿಂದ ಮಧ್ಯಾಹ್ನ 2ರವರೆಗೆ ಬಿಸಿಲು, ಆಮೇಲೆ ಪಕ್ಕದ ಕಟ್ಟಡದ ನೆರಳು. ಎಲ್ಲಾ ಗಿಡಕ್ಕೂ 16 ಇಂಚಿನ ಕುಂಡ. ಮಣ್ಣೂ ಒಂದೇ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೋಕೋಪೀಟ್, ಮೇಲೆ ಒಂದು ಹಿಡಿ ಬೇವಿನ ಹಿಂಡಿ. 15 ದಿನಕ್ಕೊಮ್ಮೆ ಕಡಲೆಕಾಯಿ ಹಿಂಡಿ ನೆನೆಸಿದ ನೀರನ್ನು ತೆಳ್ಳಗೆ ಮಾಡಿ ಹಾಕುತ್ತೇನೆ. ಆ ವಾಸನೆಗೆ ಮನೆಯವರು ಅವತ್ತು ಟೆರೇಸ್ ಹತ್ತುವುದಿಲ್ಲ, ಅದು ಬೇರೆ ವಿಷಯ.

ದುಂಡು ಮಲ್ಲಿಗೆಯಿಂದಲೇ ಶುರು ಮಾಡಿದ್ದು. ಮೊದಲ ವರ್ಷ ಎಲೆ ಬಂತು, ಎಲೆ ಬಂತು, ಬರೀ ಎಲೆ. ಎರಡು ಗಿಡದಲ್ಲಿ ಸೇರಿ ದಿನಕ್ಕೆ 5 ಮೊಗ್ಗು ಸಿಕ್ಕರೆ ಪುಣ್ಯ. ಎರಡನೇ ವರ್ಷ ನವೆಂಬರ್ ಕೊನೆಯಲ್ಲಿ ಒಂದಕ್ಕೆ ನೀರು ಕಡಿಮೆ ಮಾಡಿ, ಹತ್ತು ದಿನ ಬಿಟ್ಟು ಮಣ್ಣಿನಿಂದ ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಿದೆ. ಇನ್ನೊಂದನ್ನು ಮುಟ್ಟಲಿಲ್ಲ, ಹೇಗಿರುತ್ತೆ ನೋಡೋಣ ಅಂತ. ಕತ್ತರಿಸಿದ ಗಿಡ ನೋಡಿ ಅತ್ತೆ, "ಹೂ ಬಿಡೋ ಗಿಡಾನ ಸೌದೆ ಮಾಡಿಬಿಟ್ಯಲ್ಲೇ" ಅಂದರು. ನನಗೂ ಒಂದು ತಿಂಗಳು ಭಯ ಇತ್ತು. ಮಾರ್ಚ್ ಬಂದಾಗ ಅದೇ ಗಿಡದಲ್ಲಿ ದಿನಕ್ಕೆ 30ರಿಂದ 40 ಮೊಗ್ಗು. ಕತ್ತರಿಸದ ಗಿಡದಲ್ಲಿ 10 ದಾಟಲಿಲ್ಲ. ಮಲ್ಲಿಗೆ ಮೊಗ್ಗು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಹಳೇ ಕಡ್ಡಿ ಉಳಿಸಿಕೊಂಡು ಹೂ ಕೇಳಿದರೆ ಎಲ್ಲಿಂದ ಕೊಡುತ್ತೆ, ಅಲ್ವಾ?

ಇದರ ತೊಂದರೆ ಅಂದರೆ ಜುಲೈ ಕಳೆದ ಮೇಲೆ ಕೈ ಕೊಡುತ್ತೆ. ಮಳೆಗಾಲದಲ್ಲಿ ಅಲ್ಲೊಂದು ಇಲ್ಲೊಂದು, ಚಳಿಯಲ್ಲಿ ಪೂರ್ತಿ ರಜ. ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆ ಮಲ್ಲಿಗೆ ಮುಡಿಸಬೇಕು ಅಂತ ಪ್ರತಿ ವರ್ಷ ಅಂದುಕೊಳ್ಳುತ್ತೇನೆ, ಪ್ರತಿ ವರ್ಷ ಮಾರ್ಕೆಟ್ಟಿಗೇ ಹೋಗುತ್ತೇನೆ. ಮೊಗ್ಗು ಹುಳದ ಕಾಟವೂ ಇದಕ್ಕೇ ಜಾಸ್ತಿ. ಮೊಗ್ಗಿನಲ್ಲಿ ಸಣ್ಣ ತೂತು ಕಂಡರೆ ಆ ಗೊಂಚಲನ್ನೇ ಕಿತ್ತು ಹಾಕಿ. ಒಂದು ಲೀಟರ್ ನೀರಿಗೆ 5 ಎಂ.ಎಲ್. ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಸೇರಿಸಿ ಸಂಜೆ ಹೊತ್ತು ಸಿಂಪಡಿಸಿದರೆ ಸುಮಾರಾಗಿ ಹತೋಟಿಗೆ ಬರುತ್ತೆ.

ಕಾಕಡ ತಂದಿದ್ದು ಸಿಟ್ಟಿನಲ್ಲಿ. ಧನುರ್ಮಾಸದಲ್ಲಿ ಒಂದು ಮೊಳಕ್ಕೆ ಹೂವಿನವರು ಹೇಳಿದ ರೇಟು ಕೇಳಿ ಬರಿಗೈಯಲ್ಲಿ ವಾಪಸ್ ಬರುವಾಗ ದಾರಿಯಲ್ಲಿ ಗಾಡಿಯವನ ಹತ್ತಿರ ಕಂಡಿತು, ಹಿಡಿದುಕೊಂಡು ಬಂದೆ. ನೋಡೋಕೆ ಏನೂ ಚೆಂದ ಇಲ್ಲ. ಎಲೆ ಒರಟು, ಮುಟ್ಟಿದರೆ ಸಣ್ಣ ರೋಮ ಸಿಗುತ್ತೆ, ಬೆಂಗಳೂರಿನ ಧೂಳೆಲ್ಲ ಅದರ ಮೇಲೇ ಕೂರುತ್ತೆ. ಆದರೆ ಈ ಗಿಡಕ್ಕೆ ರಜ ಅನ್ನೋದೇ ಗೊತ್ತಿಲ್ಲ. ಬೇರೆ ಮಲ್ಲಿಗೆಗಳು ಮುದುರಿ ಕೂತ ಡಿಸೆಂಬರಿನಲ್ಲಿ ಇದು ಮೈತುಂಬ ಬಿಡುತ್ತೆ, ಒಂದೇ ಗಿಡದಲ್ಲಿ 60 ಮೊಗ್ಗು ಬಿಡಿಸಿದ ದಿನಗಳಿವೆ. ಸುಗ್ಗಿ ಅಲ್ಲದ ದಿನಗಳಲ್ಲೂ 10-15ಕ್ಕೆ ಮೋಸ ಇಲ್ಲ. ಕಟ್ಟಿದ ಮಾಲೆ ಮಾರನೇ ದಿನವೂ ಬೆಳ್ಳಗೆ ಇರುತ್ತೆ. ದುಂಡು ಮಲ್ಲಿಗೆ ಅಷ್ಟು ಹೊತ್ತಿಗೆ ಕಂದಿರುತ್ತೆ.

ಘಮ ಮಾತ್ರ ಕೇಳಬೇಡಿ. ಮೂಗಿಗೆ ಒತ್ತಿ ಹಿಡಿದರೂ ಸಿಗುವುದು ಕಷ್ಟ. "ಪ್ಲಾಸ್ಟಿಕ್ ಹೂ ಇದ್ದ ಹಾಗಿದೆ" ಅಂತ ಅತ್ತೆ ಮೂಗು ಮುರಿದರು. ಅದಕ್ಕೆ ನಾನು ಮಾಡಿಕೊಂಡ ಉಪಾಯ ಮರುಗ. ಒಂದು ಸಣ್ಣ ಕುಂಡದಲ್ಲಿ ಹಾಕಿದ್ದೇನೆ, ಕಾಕಡದ ಮಾಲೆ ಕಟ್ಟುವಾಗ ಮಧ್ಯೆ ಮಧ್ಯೆ ಒಂದೊಂದು ಕುಡಿ ಸೇರಿಸುತ್ತೇನೆ. ಈಗ ಅತ್ತೆಯದು ತಕರಾರಿಲ್ಲ.

ಶಂಕರಪುರ ಮಲ್ಲಿಗೆಯ ಕಥೆ ಬೇರೆ. ಕಾಪು ಕಡೆ ಇರುವ ನಾದಿನಿ ಬೇರು ಬಂದ ಗಿಡವನ್ನೇ ಬಸ್ಸಿನಲ್ಲಿ ತಂದು ಕೊಟ್ಟಳು. ಅಲ್ಲಿ ಹೂವನ್ನು ಮೊಳದಲ್ಲಿ ಅಳೆಯುವುದಿಲ್ಲ, ಚೆಂಡು, ಅಟ್ಟೆ ಲೆಕ್ಕ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ 3200 ಹೂ. ಕಟ್ಟುವುದು ಬಾಳೆ ನಾರಿನಲ್ಲಿ. ಅತ್ತೆಗೆ ಒಂದು ಅಟ್ಟೆ ಕೊಡುತ್ತೇನೆ ಅಂತ ಜಂಬ ಬೇರೆ ಕೊಚ್ಚಿಕೊಂಡಿದ್ದೆ. ಎರಡು ವರ್ಷದಲ್ಲಿ ಒಟ್ಟು ಒಂದು ಚೆಂಡೂ ಆಗಲಿಲ್ಲ! ಕರಾವಳಿಯ ಸೆಕೆಯಲ್ಲಿ ಬೆಳೆದ ಗಿಡ, ನಮ್ಮ ಒಣ ಚಳಿಗೆ ಸುಮ್ನೆ ನಿಂತುಬಿಡುತ್ತೆ. ಜೊತೆಗೆ ಬೋರ್‌ವೆಲ್ ಗಡಸು ನೀರಿಗೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತಿತ್ತು. ಮಳೆ ನೀರು ಹಿಡಿದು ಹಾಕಿದ ಮೇಲೆ ಬಣ್ಣ ಬಂತು, ಹೂ ಬರಲಿಲ್ಲ. ಆದರೂ ಕೊಟ್ಟಿಲ್ಲ ಯಾರಿಗೂ. ಬಿಟ್ಟ ನಾಲ್ಕೇ ಹೂವಿನ ವಾಸನೆ ಹಾಗಿದೆ.

"ಮೈಸೂರು ಮಲ್ಲಿಗೆ" ಅಂತ ಹೇಳಿ ಒಂದು ನರ್ಸರಿಯವರು 150 ರೂಪಾಯಿಗೆ ಕೊಟ್ಟಿದ್ದು ಹೂ ಬಿಟ್ಟಾಗ ಸುತ್ತು ಮಲ್ಲಿಗೆ ಅಂತ ಗೊತ್ತಾಯಿತು. ಸಣ್ಣ ಗುಲಾಬಿಯ ಹಾಗೆ ದಪ್ಪಗೆ ಅರಳುತ್ತೆ, ಬಟ್ಟಲು ನೀರಿನಲ್ಲಿ ತೇಲಿಬಿಡಲು ಲಾಯಕ್ಕು, ಕಟ್ಟಲು ಅಲ್ಲ. ಹೂ ಇರುವ ಗಿಡವನ್ನೇ ಕೊಳ್ಳಿ.

ಉಳಿದದ್ದು ಸೂಜಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಅಂತ ಹೆಸರಾದ ಜಾತಿ. ಎಲೆಯ ಬುಡದಲ್ಲಿ ಎರಡು ಪುಟ್ಟ ಕಿವಿಯ ಹಾಗೆ ಎಲೆ ಇರುತ್ತೆ, ಅದರಿಂದ ಸುಲಭವಾಗಿ ಗುರುತು ಹಿಡಿಯಬಹುದು. ಮೊಗ್ಗು ತೆಳ್ಳಗೆ, ಘಮದಲ್ಲಿ ದುಂಡು ಮಲ್ಲಿಗೆಗೆ ಸರಿಸಮ, ನನ್ನ ಮೂಗಿಗೆ ಒಂದು ತೂಕ ಹೆಚ್ಚೇ. ಆದರೆ ಕುಂಡ ಇದಕ್ಕೆ ಸಾಲದು. ಬಳ್ಳಿ ಹಬ್ಬಿ ಹಬ್ಬಿ ಬಟ್ಟೆ ಒಣಗಿಸುವ ತಂತಿಗೆ ಸುತ್ತಿಕೊಂಡಿತು. ಸೀರೆ ತೆಗೆಯಲು ಹೋಗಿ ಬಳ್ಳಿ ಕಿತ್ತು ಬಂದ ದಿನ ಅದನ್ನು ಅಕ್ಕನ ಮನೆಗೆ ಸಾಗಿಸಿದೆ. ಅವಳದು ಸ್ವಂತ ಸೈಟು, ನೆಲದಲ್ಲಿ ನೆಟ್ಟಳು, ಒಂದೇ ವರ್ಷಕ್ಕೆ ಸಜ್ಜದ ಮೇಲೇರಿತು. ಈಗ ಪ್ರತಿ ಭಾನುವಾರ ಒಂದು ಡಬ್ಬಿ ಮೊಗ್ಗು ಕಳಿಸುತ್ತಾಳೆ, ಅರ್ಧ ಕಟ್ಟಿ ವಾಪಸ್ ಕೊಡಬೇಕು ಅನ್ನುವ ಷರತ್ತಿನ ಮೇಲೆ.