ಒಬ್ಬರೇ ಇರುವ ಮನೆಗೆ ಜೇಡ ಬಂದರೆ: ಸ್ಪ್ರೇ, ಬ್ರಷ್, ವ್ಯಾಕ್ಯೂಮ್, ಕೊನೆಗೆ ಒಂದು ಖಾಲಿ ಡಬ್ಬಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಖಾಲಿ ಪ್ಲಾಸ್ಟಿಕ್ ಡಬ್ಬಿಗೆ. ಬಾಯಿ ಅಗಲ ಇರಬೇಕು, ಹೊರಗಿನಿಂದ ಒಳಗಿರುವುದು ಕಾಣಬೇಕು, ಅಷ್ಟೇ. ಇದು ಗೊತ್ತಾಗುವ ಮುಂಚೆ ಒಂದು ಸ್ಪ್ರೇ, ಒಂದು ಕಟ್ಟು ಅಂಟು ಹಾಳೆ, ಒಂದು ಸೀಸೆ ಪುದೀನ ಎಣ್ಣೆ, ಪ್ಲಗ್ಗಿಗೆ ಸಿಕ್ಕಿಸುವ ಒಂದು ಯಂತ್ರ, ಉದ್ದ ಹಿಡಿಕೆಯ ಒಂದು ಬ್ರಷ್, ಇಷ್ಟಕ್ಕೂ ದುಡ್ಡು ಸುರಿದಿದ್ದೇನೆ. ಡಬ್ಬಿಗೆ ಒಂದು ಪೈಸೆಯೂ ಕೊಟ್ಟಿಲ್ಲ.

ಮನೆಯಲ್ಲಿ ನಾಲ್ಕು ಜನ ಇದ್ದಾಗ ಜೇಡ ಬೇರೆಯವರ ಕೆಲಸ. ಒಬ್ಬರು ಕಿರುಚುತ್ತಾರೆ, ಒಬ್ಬರು ಅದರ ಮೇಲೆ ಕಣ್ಣಿಟ್ಟು ನಿಲ್ಲುತ್ತಾರೆ, ಇನ್ನೊಬ್ಬರು ಪೊರಕೆ ತರುತ್ತಾರೆ. ಒಬ್ಬರೇ ಇದ್ದರೆ ಮೂರೂ ನಿಮ್ಮದೇ. ಕಿರುಚುವುದೇನೋ ಸುಲಭ. ಕಷ್ಟ ಇರುವುದು ಕಣ್ಣಿಡುವುದರಲ್ಲಿ, ಯಾಕಂದ್ರೆ ಪೊರಕೆ ತರಲು ಹೋಗಿ ಬರುವಷ್ಟರಲ್ಲಿ ಗೋಡೆ ಖಾಲಿ ಆಗಿರುತ್ತದೆ. ಗೋಡೆ ಮೇಲೆ ಕೂತ ಜೇಡಕ್ಕಿಂತ, ಈಗ ತಾನೇ ಅಲ್ಲಿದ್ದು ಈಗ ಕಾಣದ ಜೇಡದ ಭಯ ಜಾಸ್ತಿ, ಅಲ್ವಾ? ಅದಕ್ಕೇ ನಾನು ಎಲ್ಲದರಲ್ಲೂ ನೋಡಿದ್ದು ಒಂದೇ: ರಾತ್ರಿ ಹನ್ನೊಂದಕ್ಕೆ, ಸಹಾಯಕ್ಕೆ ಯಾರೂ ಇಲ್ಲದೆ, ಜೇಡದ ಮೇಲಿಂದ ಕಣ್ಣು ತೆಗೆಯದೆ ಕೆಲಸ ಮುಗಿಯುತ್ತದಾ?

ಎಲ್ಲ ಜೇಡಕ್ಕೂ ಈ ತಲೆನೋವು ಬೇಕಿಲ್ಲ. ಬಚ್ಚಲಿನ ಮೂಲೆಯಲ್ಲಿ ಕೂದಲಿನಷ್ಟು ತೆಳು ಕಾಲಿನ ಉದ್ದ ಜೇಡ ಇರುತ್ತದಲ್ಲ, ಮುಟ್ಟಿದರೆ ಬಲೆ ಸಮೇತ ಗಡಗಡ ಅಲುಗಾಡುವುದು, ಅದನ್ನು ನಾನು ಬಿಟ್ಟಿದ್ದೇನೆ. ಅದು ತನಗಿಂತ ದೊಡ್ಡ ಜೇಡಗಳನ್ನೂ ಹಿಡಿದು ತಿನ್ನುತ್ತದೆ. ಅದರ ವಿಷವೇ ಜಗತ್ತಿನಲ್ಲಿ ಅತಿ ಘೋರ, ಹಲ್ಲು ಚಿಕ್ಕದಾದ್ದರಿಂದ ನಾವು ಉಳಿದಿದ್ದೇವೆ ಅನ್ನುವ ಮಾತು ಸುಳ್ಳು. ಕಿಟಕಿಯ ಮೇಲೆ ಕುಪ್ಪಳಿಸುವ ಪುಟ್ಟ ಜೇಡವನ್ನೂ ಬಿಟ್ಟಿದ್ದೇನೆ. ಅದು ತಿರುಗಿ ನಿಮ್ಮನ್ನೇ ನೋಡುತ್ತದೆ, ಒಬ್ಬರೇ ಇರುವವರಿಗೆ ಅಷ್ಟಾದರೂ ಜೊತೆ.

ನನ್ನ ಜಗಳ ಹಂಟ್ಸ್‌ಮನ್ ಅನ್ನುವ ದೊಡ್ಡ ಕಂದು ಜೇಡದ ಜೊತೆ. ಕಾಲು ಚಾಚಿದರೆ ಅಂಗೈ ಅಗಲ. ಬಲೆ ಕಟ್ಟುವುದಿಲ್ಲ, ರಾತ್ರಿ ಓಡಾಡಿ ಜಿರಳೆ ಹಿಡಿಯುತ್ತದೆ. ಮೈ ಚಪ್ಪಟೆ, ಹಾಗಾಗಿ ಗೋಡೆಗೆ ತಗುಲಿಸಿದ ಫೋಟೋ ಹಿಂದೆ ಆರಾಮಾಗಿ ಸೇರಿಕೊಳ್ಳುತ್ತದೆ. ಕೈಯಲ್ಲಿ ಅದುಮಿದರೆ ಕಚ್ಚಬಹುದು, ನೋಯಬಹುದು, ಅದರಾಚೆ ಹೆದರುವಂಥದ್ದಲ್ಲ. ಜಗತ್ತಿನಲ್ಲಿ ಇದುವರೆಗೆ ಗುರುತಿಸಿರುವ ಜೇಡಗಳು 50,000 ಜಾತಿಗೂ ಜಾಸ್ತಿ. ಬ್ಲ್ಯಾಕ್ ವಿಡೋ, ರೆಕ್ಲೂಸ್ ಥರ ಮನುಷ್ಯರಿಗೆ ನಿಜವಾಗಿ ತೊಂದರೆ ಕೊಡುವವು ಅದರಲ್ಲಿ ತೀರಾ ಕಡಿಮೆ. ನೀವಿರುವ ಕಡೆ ಅಂಥವು ಇದ್ದರೆ ಚಿತ್ರ ನೋಡಿ ಗುರುತು ಇಟ್ಟುಕೊಳ್ಳಿ. ಅವುಗಳಿಗೆ ನನ್ನ ಡಬ್ಬಿ ಸಾಹಸ ಬೇಡ.

ಈಗ ಸ್ಪ್ರೇ ವಿಷಯ. ಒಂದು ರಾತ್ರಿ ಮಂಚದ ಮೇಲಿನ ಸೀಲಿಂಗ್‌ನಲ್ಲಿ ಇದೇ ಜೇಡ ಕೂತಿತ್ತು. ಡಬ್ಬದ ಮೇಲೆ ಜೇಡದ ಚಿತ್ರ ಬೇರೆ ಇತ್ತಲ್ಲ, ಧೈರ್ಯ ಬಂತು. ಕೈ ಮೇಲೆತ್ತಿ ಹೊಡೆದೆ. ಅರ್ಧ ಜೇಡಕ್ಕೆ ಬಿತ್ತು, ಅರ್ಧ ನನ್ನ ಮುಖಕ್ಕೇ ಇಳಿಯಿತು. ಕಣ್ಣು ಉರಿಯುತ್ತಾ ನಾನು ನಲ್ಲಿ ಕಡೆ ಓಡಿದೆ, ಜೇಡ ಹಾಸಿಗೆ ಮೇಲೆ ಬಿದ್ದು ಎಲ್ಲಿಗೋ ಓಡಿತು. ವಾಪಸ್ ಬಂದು ದಿಂಬು, ಹೊದಿಕೆ, ಹಾಸಿಗೆ ಎಲ್ಲ ಒದರಿದೆ. ಸಿಗಲಿಲ್ಲ. ರಾತ್ರಿಯೆಲ್ಲ ಕುರ್ಚಿಯಲ್ಲಿ ಕಾಲು ಮೇಲಿಟ್ಟುಕೊಂಡು ಕೂತೆ. ಬೆಳಿಗ್ಗೆ ಚಪ್ಪಲಿ ಪಕ್ಕದಲ್ಲಿ ಕಾಲು ಮಡಚಿಕೊಂಡು ಸತ್ತು ಬಿದ್ದಿತ್ತು. (ಜೇಡ ಕಾಲು ಚಾಚುವುದು ಒಳಗಿನ ದ್ರವದ ಒತ್ತಡದಿಂದ. ಸತ್ತ ಮೇಲೆ ಆ ಒತ್ತಡ ಇರುವುದಿಲ್ಲ, ಅದಕ್ಕೇ ಕಾಲು ಒಳಕ್ಕೆ ಮಡಚಿಕೊಳ್ಳುತ್ತದೆ.) ಅಂದರೆ ಸ್ಪ್ರೇ ಕೆಲಸ ಮಾಡಿತ್ತು, ಆದರೆ ನನಗೆ ಬೇಕಾದ ಹೊತ್ತಿಗೆ ಅಲ್ಲ.

ಮೂಲೆಗೆಲ್ಲ ಮೊದಲೇ ಹೊಡೆದಿಟ್ಟರೆ ಬರುವುದಿಲ್ಲ ಅಂತಾರೆ. ನಾನೂ ಹೊಡೆದಿಟ್ಟೆ, ಬಂದವು. ಆಮೇಲೆ ಓದಿದಾಗ ಕಾರಣ ತಿಳಿಯಿತು. ಇಂಥ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಗುಂಪಿನ ಔಷಧಿ, ಅದು ನರಕ್ಕೆ ಪೆಟ್ಟು ಕೊಡುತ್ತದೆ. ಮೈಮೇಲೆ ನೇರವಾಗಿ ಬಿದ್ದರೆ ಸರಿ. ಆದರೆ ಒಣಗಿದ ಔಷಧಿಯ ಮೇಲೆ ಜಿರಳೆ ಹೊಟ್ಟೆ ಉಜ್ಜಿಕೊಂಡು ಹೋಗುತ್ತದೆ, ಆಮೇಲೆ ಮೀಸೆ ಕಾಲು ಎಲ್ಲ ಬಾಯಲ್ಲಿ ತಿಕ್ಕಿಕೊಳ್ಳುತ್ತದೆ. ಜೇಡ ಕಾಲಿನ ತುದಿಯಲ್ಲಿ ನಡೆದು ದಾಟಿಬಿಡುತ್ತದೆ. ಮನೆಯಲ್ಲಿ ಮೀನಿನ ತೊಟ್ಟಿ ಇದ್ದರೆ ಈ ದಾರಿಯೇ ಬೇಡ, ಮೀನಿಗೆ ಇದು ಘೋರ ವಿಷ. ಈ ಗುಂಪಿನ ಪರ್ಮೆಥ್ರಿನ್ ಬೆಕ್ಕಿಗೂ ಆಗುವುದಿಲ್ಲ.

ಚಪ್ಪಲಿಯಲ್ಲಿ ಹೊಡೆಯುವುದು: ತಗುಲಿದರೆ ಗೋಡೆ ಮೇಲೆ ಕಲೆ, ತಪ್ಪಿದರೆ ನಿದ್ದೆ ಇಲ್ಲ.

ಉದ್ದ ಹಿಡಿಕೆಯ ಬ್ರಷ್ ಮೇಲೆ ನನಗೆ ಬಹಳ ಆಸೆ ಇತ್ತು. ಹಿಡಿಕೆಯ ಗುಂಡಿ ಒತ್ತಿದರೆ ತುದಿಯ ಎಳೆಗಳು ಬಿಚ್ಚಿಕೊಳ್ಳುತ್ತವೆ, ಬಿಟ್ಟರೆ ಜೇಡವನ್ನು ಮೆತ್ತಗೆ ಮುಚ್ಚಿ ಹಿಡಿಯುತ್ತವೆ. ಚಿಕ್ಕ ಜೇಡಕ್ಕೆ, ನಿಧಾನದ ಜೇಡಕ್ಕೆ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಹಂಟ್ಸ್‌ಮನ್ ಮಾತ್ರ ಎಳೆ ಹತ್ತಿರ ಬರುವಷ್ಟರಲ್ಲಿ ಗೋಡೆಯ ಆ ತುದಿಯಲ್ಲಿ ಇರುತ್ತದೆ. ಒಮ್ಮೆ ಸಿಕ್ಕಿತು. ಆದರೆ ಹೊರಗೆ ಹೋಗಿ ಗುಂಡಿ ಒತ್ತಿದರೆ ಕೆಳಗೆ ಇಳಿಯಲೊಲ್ಲದು, ಎಳೆಗಳನ್ನೇ ಗಟ್ಟಿಯಾಗಿ ಹಿಡಿದುಕೊಂಡಿತು. ಕತ್ತಲಲ್ಲಿ ನಿಂತು ಬ್ರಷ್ ಒದರುತ್ತಾ ಇದ್ದೆ, ಅದು ಹಿಡಿಕೆ ಮೇಲೆ ನನ್ನ ಕೈ ಕಡೆಗೇ ನಡೆದು ಬಂತು. ಬ್ರಷ್ ಅಲ್ಲೇ ಬಿಸಾಕಿ ಒಳಗೆ ಬಂದೆ. ಬೆಳಿಗ್ಗೆ ಹೋಗಿ ತಂದೆ.

ಇನ್ನು ಡಬ್ಬಿ. ಜೇಡದ ಮೇಲೆ ಡಬ್ಬಿ ಬೋರಲು ಹಾಕುವುದು, ಗೋಡೆಗೂ ಬಾಯಿಗೂ ನಡುವೆ ರಟ್ಟು ತೂರಿಸುವುದು, ಎತ್ತಿಕೊಂಡು ಹೋಗಿ ಹೊರಗೆ ಬಿಡುವುದು. ಹೇಳುವುದಕ್ಕೆ ಒಂದು ಸಾಲು. ಇದರಲ್ಲಿ ಒಂದು ಕೊಕ್ಕೆ ಇದೆ, ಅದನ್ನು ಯಾರೂ ಹೇಳುವುದಿಲ್ಲ, ಯಾಕಂದ್ರೆ ಹೇಳುವವರ ಮನೆಯಲ್ಲಿ ಇನ್ನೊಬ್ಬರು ಇರುತ್ತಾರೆ.

ಮೊದಲ ಸಲ ನಾನು ಅಡುಗೆಮನೆಯಿಂದ ಡಬ್ಬಿ ತಂದು, ಉಸಿರು ಬಿಗಿಹಿಡಿದು, ಸರಿಯಾಗಿ ಮುಚ್ಚಿದೆ. ಜೇಡ ಒಳಗೆ ಗಿರಗಿರ ಸುತ್ತಿತು. ಗೆದ್ದೆ ಅಂದುಕೊಂಡು ರಟ್ಟಿಗೆ ಕೈ ಚಾಚಿದೆ. ರಟ್ಟು ಎಲ್ಲಿದೆ? ಪಕ್ಕದ ರೂಮಿನಲ್ಲಿ! ಕೈ ತೆಗೆದರೆ ಡಬ್ಬಿ ಬೀಳುತ್ತದೆ, ತೆಗೆಯದೆ ರಟ್ಟು ಸಿಗುವುದಿಲ್ಲ. ಕೈಗೆ ಸಿಗುವ ದೂರದಲ್ಲಿ ಇದ್ದಿದ್ದು ಸ್ವಿಚ್ ಬೋರ್ಡು ಮತ್ತು ಜೇಬಿನಲ್ಲಿದ್ದ ಫೋನು. ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಜೇಡ ಹಿಡಿದಿದ್ದೀನಿ ಕಣೇ, ಆದ್ರೆ ರಟ್ಟು ಇಲ್ಲ."

"ರಟ್ಟಿಲ್ಲದೆ ಯಾಕೆ ಹಿಡಿಯೋಕೆ ಹೋದೆ?"

"ಈಗ ಏನು ಮಾಡ್ಲಿ ಹೇಳು."

"ಹಿಡ್ಕೊಂಡೇ ಇರು. ಒಲೆ ಮೇಲೆ ಇಟ್ಟಿದ್ದೀನಿ, ಆಮೇಲೆ ಮಾಡ್ತೀನಿ."

ಇಪ್ಪತ್ತು ನಿಮಿಷ ಗೋಡೆಗೆ ಡಬ್ಬಿ ಒತ್ತಿ ನಿಂತಿದ್ದೆ. ಬಲಗೈ ಜೋಮು ಹಿಡಿಯಿತು, ಎಡಗೈಗೆ ಬದಲಾಯಿಸಿದೆ. ನನ್ನ ಗೋಡೆ ನುಣುಪಾಗಿಲ್ಲ, ಡಬ್ಬಿಯ ಒಂದು ಕಡೆ ಸಣ್ಣ ಸಂದಿ ಬಿಟ್ಟಿತ್ತು. ಜೇಡ ಆ ಸಂದಿಯಲ್ಲಿ ಒಂದೊಂದೇ ಕಾಲು ಹೊರಗೆ ಚಾಚಿ ನೋಡುತ್ತಿತ್ತು, ನಾನು ಅದನ್ನು ನೋಡುತ್ತಿದ್ದೆ. ಕೊನೆಗೆ ಮಂಚದ ಕೆಳಗಿದ್ದ ನೋಟ್‌ಬುಕ್ಕನ್ನು ಕಾಲಲ್ಲಿ ಎಳೆದು, ಕಾಲ್ಬೆರಳಲ್ಲಿ ಎತ್ತಿ, ಹಲ್ಲಲ್ಲಿ ಕಚ್ಚಿ ಅದರ ಹೊದಿಕೆ ಹರಿದು ತೂರಿಸಿದೆ. ತೆಳು ಕಾಗದ, ಮಧ್ಯದಲ್ಲೇ ಮಡಚಿಕೊಂಡಿತು. ಜೇಡ ಹೊರಗೆ ಬಂತು. ಮುಂದಿನದ್ದು ಬೇಡ ಬಿಡಿ.

ಆಗ ಕಲಿತಿದ್ದು, ರಟ್ಟು ಡಬ್ಬಿಯ ಜೊತೆಯಲ್ಲೇ ಇರಬೇಕು. ಈಗ ದಾರ ಹಾಕಿ ಡಬ್ಬಿಗೇ ಕಟ್ಟಿದ್ದೇನೆ. ಯಾವ ರಟ್ಟು ಅನ್ನುವುದೂ ಮುಖ್ಯ. ಕಾಗದ ಬಾಗುತ್ತದೆ, ಪೆಟ್ಟಿಗೆಯ ದಪ್ಪ ರಟ್ಟು ತೂರಿಸಿದರೆ ಡಬ್ಬಿ ಗೋಡೆಯಿಂದ ಎದ್ದುಬಿಡುತ್ತದೆ, ಜೇಡದ ಕಾಲು ಸಿಕ್ಕಿಕೊಳ್ಳುತ್ತದೆ. ಹಳೆ ಕ್ಯಾಲೆಂಡರಿನ ಹಿಂದಿನ ರಟ್ಟು ಸರಿಯಾಗಿ ಹೊಂದಿತು. ಡಬ್ಬಿಯ ಬಾಯಿ ಜೇಡದ ಕಾಲಿನ ಹರವಿಗಿಂತ ದೊಡ್ಡದಿರಲಿ. ನೀರು ಕುಡಿಯುವ ಲೋಟ ಸಾಲದು. ಇನ್ನೊಂದು, ಧಡಕ್ಕನೆ ನುಗ್ಗಬೇಡಿ. ಜೇಡದ ಕಾಲಿನ ಮೇಲೆ ಇರುವ ಸೂಕ್ಷ್ಮ ಕೂದಲಿಗೆ ಗಾಳಿ ಅಲುಗಿದ್ದೂ ತಿಳಿಯುತ್ತದೆ. ಡಬ್ಬಿ ಬರುವ ಮೊದಲೇ ಅದು ತಳ್ಳಿದ ಗಾಳಿ ಹೋಗಿ ಸುದ್ದಿ ಮುಟ್ಟಿಸುತ್ತದೆ. ಗೇಣು ದೂರದವರೆಗೂ ನಿಧಾನವಾಗಿ ಹೋಗಿ, ಆಮೇಲೆ ಒಂದೇ ಸಲ ಮುಚ್ಚಿ.

ಎರಡನೇ ಸಲದ ಕಥೆ ಬೇರೆ. ಎಲ್ಲ ಸರಿಯಾಗಿ ಆಯಿತು. ಎರಡು ಕೈಯಲ್ಲಿ ಡಬ್ಬಿ ರಟ್ಟು ಹಿಡಿದು, ಮೊಣಕೈಯಿಂದ ಬಾಗಿಲು ತೆರೆದು ಹೊರಗೆ ಹೋದೆ. ಹಿಂದೆ ಗಾಳಿಗೆ ಬಾಗಿಲು ಟಪ್ ಅಂತ ಹಾಕಿಕೊಂಡಿತು. ನನ್ನದು ಎಳೆದರೆ ತಾನೇ ಲಾಕ್ ಆಗುವ ಬಾಗಿಲು. ಕೀ ಒಳಗೆ, ಫೋನ್ ಒಳಗೆ, ಚಪ್ಪಲಿಯೂ ಒಳಗೆ. ಬರಿಗಾಲಲ್ಲಿ ನಾನು ಮತ್ತು ಜೇಡ ಹೊರಗೆ. ಡಬ್ಬಿಗೆ ಪೈಸೆ ಕೊಟ್ಟಿಲ್ಲ ಅಂದೆನಲ್ಲ, ಬೀಗ ತೆಗೆಯುವವರಿಗೆ ಕೊಟ್ಟಿದ್ದು ಆ ಲೆಕ್ಕದಲ್ಲಿ ಸೇರಿಲ್ಲ.

ಅವತ್ತಿನಿಂದ ಒಂದು ಸುಧಾರಣೆ ಮಾಡಿದ್ದೇನೆ, ಇದಕ್ಕಾಗಿಯೇ ಡಬ್ಬಿ ನನಗೆ ಉಳಿದ ಎಲ್ಲಕ್ಕಿಂತ ಮೇಲು. ರಟ್ಟು ತೂರಿಸಿದ ಮೇಲೆ ಡಬ್ಬಿಯನ್ನು ರಟ್ಟಿನ ಸಮೇತ ನೆಲದ ಮೇಲೆ ಬೋರಲಾಗಿಯೇ ಇಟ್ಟು, ಮೇಲೆ ಒಂದು ದಪ್ಪ ಪುಸ್ತಕ ಹೇರಿಬಿಡುತ್ತೇನೆ. ಅಲ್ಲಿಗೆ ಅವಸರ ಮುಗಿಯಿತು. ಕೈ ತೊಳೆದುಕೊಳ್ಳಬಹುದು, ನೀರು ಕುಡಿಯಬಹುದು, ಕೀ ಜೇಬಿಗೆ ಹಾಕಿಕೊಳ್ಳಬಹುದು. ತೀರಾ ಸುಸ್ತಾಗಿದ್ದರೆ ಮಲಗಿ ಬೆಳಿಗ್ಗೆಯೂ ಬಿಡಬಹುದು, ಒಂದು ರಾತ್ರಿ ಡಬ್ಬಿಯಲ್ಲಿ ಇದ್ದರೆ ಜೇಡಕ್ಕೆ ಏನೂ ಆಗುವುದಿಲ್ಲ. ಬೇರೆ ಯಾವುದರಲ್ಲೂ ಈ ಬಿಡುವು ಇಲ್ಲ. ಜೇಡ ಎಲ್ಲಿದೆ ಅಂತ ಗೊತ್ತಿದ್ದು ಮಲಗುವುದಕ್ಕೂ ಗೊತ್ತಿಲ್ಲದೆ ಮಲಗುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಕುರ್ಚಿಯಲ್ಲಿ ರಾತ್ರಿ ಕಳೆದವರಿಗೇ ಗೊತ್ತು.

ವ್ಯಾಕ್ಯೂಮ್ ಕ್ಲೀನರ್ ಸ್ನೇಹಿತರಿಂದ ಎರಡು ವಾರ ಎರವಲು ತಂದಿದ್ದೆ. ಬಲೆ ತೆಗೆಯುವುದಕ್ಕೆ ಅದರಷ್ಟು ಚೆನ್ನಾಗಿರುವುದು ಇನ್ನೊಂದಿಲ್ಲ. ಮೂಲೆಯಲ್ಲಿ ಹತ್ತಿ ಉಂಡೆಯಂತೆ ಅಂಟಿಕೊಂಡ ಮೊಟ್ಟೆ ಚೀಲವೂ ಒಂದೇ ಎಳೆತಕ್ಕೆ ಒಳಗೆ. ಸ್ಪ್ರೇ ಆ ರೇಷ್ಮೆ ಚೀಲ ದಾಟಿ ಒಳಗಿನ ಮೊಟ್ಟೆಗೆ ಮುಟ್ಟುವುದು ಕಷ್ಟ. ಆದರೆ ಮಧ್ಯರಾತ್ರಿ ಅದರ ಸದ್ದಿಗೆ ಅಕ್ಕಪಕ್ಕದವರು ಏಳುತ್ತಾರೆ. ಜೊತೆಗೆ, ಎಳೆದುಕೊಂಡ ಜೇಡ ಪೈಪಿನಲ್ಲಿ ವಾಪಸ್ ಬಂದರೆ ಅನ್ನುವ ಅನುಮಾನ. ನಾನು ಪೈಪಿನ ಬಾಯಿಗೆ ಟೇಪ್ ಸುತ್ತಿ ಬಾಲ್ಕನಿಯಲ್ಲಿ ಇಟ್ಟು ಮಲಗಿದೆ. ಸ್ವಂತಕ್ಕೆ ಇದ್ದರೆ ಹಗಲು ಬಳಸಿ. ಜೇಡಕ್ಕೋಸ್ಕರ ಕೊಳ್ಳುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ.

ಅಂಟು ಹಾಳೆಗೆ ಮೊದಲ ದಿನ ಬಿದ್ದಿದ್ದು ಹಲ್ಲಿ. ಅದು ಜೀವ ಉಳಿಸಿಕೊಳ್ಳಲು ಒದ್ದಾಡುವುದು ನೋಡಲಾಗದೆ, ಅಡುಗೆ ಎಣ್ಣೆ ಹನಿ ಹನಿ ಬಿಟ್ಟು ಬಿಡಿಸಿದೆ. ಎಣ್ಣೆಗೆ ಅಂಟು ಸಡಿಲ ಆಗುತ್ತದೆ. ಹುಳ, ಜೇಡ ತಿಂದು ನನಗೆ ಬಿಟ್ಟಿ ಕೆಲಸ ಮಾಡಿಕೊಡುತ್ತಿದ್ದ ಹಲ್ಲಿಗೇ ಹೀಗೆ ಮಾಡಿದೆನಲ್ಲ ಅನಿಸಿತು. ಉಳಿದ ಹಾಳೆ ಕಸಕ್ಕೆ ಹೋಯಿತು.

ಪುದೀನ ಎಣ್ಣೆ ಪೂರ್ತಿ ಸುಳ್ಳೇನೂ ಅಲ್ಲ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೂರು ಜಾತಿಯ ಜೇಡಗಳ ಮೇಲೆ ಪರೀಕ್ಷೆ ಮಾಡಿದ್ದರು. ಪುದೀನ ಎಣ್ಣೆಯಿಂದ ಕೆಲವು ದೂರ ಸರಿದವು, ಎಲ್ಲರೂ ಹೇಳುವ ನಿಂಬೆ ಎಣ್ಣೆಯಿಂದ ಏನೂ ಆಗಲಿಲ್ಲ. ಅದು ಪ್ರಯೋಗಶಾಲೆ, ನನ್ನದು ಕಿಟಕಿ ತೆರೆದಿಟ್ಟ ಮನೆ. ಎರಡು ದಿನಕ್ಕೆ ವಾಸನೆ ಹೋಯಿತು, ತಲೆನೋವು ಉಳಿಯಿತು. ಬೆಕ್ಕು ಇರುವ ಮನೆಗೆ ಇದೂ ಬೇಡ.

ಪ್ಲಗ್ಗಿಗೆ ಸಿಕ್ಕಿಸುವ, ಕಿವಿಗೆ ಕೇಳದ ಸದ್ದು ಮಾಡುವ ಯಂತ್ರದ ಮೇಲೇ ಒಂದು ಜೇಡ ಕೂತಿದ್ದು ನೋಡಿದ್ದೇನೆ. ಇಂಥ ಯಂತ್ರಗಳ ಬಗ್ಗೆ ಆಧಾರ ಇಲ್ಲದೆ ಹೇಳಿಕೊಳ್ಳಬೇಡಿ ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ 60ಕ್ಕೂ ಹೆಚ್ಚು ತಯಾರಕರಿಗೆ, ಮಾರಾಟಗಾರರಿಗೆ ಎಚ್ಚರಿಕೆ ಪತ್ರ ಕಳಿಸಿತ್ತು. ನಾನು ಕೊಂಡ ಮೇಲೆ ಓದಿದೆ.

ದುಡ್ಡು ಖರ್ಚು ಮಾಡಲೇಬೇಕು ಅಂದರೆ ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ, ಬಾಗಿಲ ಹೊರಗಿನ ಬಿಳಿ ಬಲ್ಬ್ ತೆಗೆದು ಹಳದಿ ಹಾಕಿ. ಬಿಳಿ ಬೆಳಕಿಗೆ ಹುಳ ಜಾಸ್ತಿ, ಹುಳದ ಹಿಂದೆ ಜೇಡ. ನನ್ನ ಮನೆಯಲ್ಲಿ ಇವೆರಡು ಮಾಡಿದ ಮೇಲೆ ದೊಡ್ಡವು ಬರುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದೆ.

ಜೇಡ ಕಂಡರೆ ಕೈಕಾಲು ನಡುಗಿ ಹತ್ತಿರವೇ ಹೋಗಲಾಗದವರಿಗೆ ಡಬ್ಬಿ ಆಗುವುದಿಲ್ಲ, ಒಪ್ಪುತ್ತೇನೆ. ಅವರಿಗೆ ಬ್ರಷ್ ವಾಸಿ, ಚಿಕ್ಕ ಜೇಡಕ್ಕಾದರೂ ಒಂದು ಮಾರಿನಷ್ಟು ದೂರ ಸಿಗುತ್ತದೆ. ನನಗೂ ಮೊದಲು ಹಾಗೇ ಇತ್ತು, ಬಚ್ಚಲಿನ ಉದ್ದ ಕಾಲಿನವನನ್ನು ಖಾಲಿ ಡಬ್ಬಿಯಲ್ಲಿ ಮುಚ್ಚಿ ತೆಗೆದು ಅಭ್ಯಾಸ ಮಾಡಿಕೊಂಡೆ. ಪಾಪ, ಅದಕ್ಕೆ ನಾನು ಸಾಕಷ್ಟು ಕಾಟ ಕೊಟ್ಟಿದ್ದೇನೆ.

ಸೀಲಿಂಗ್‌ನಲ್ಲಿ ಕೂತ ಜೇಡಕ್ಕೆ ಮಾತ್ರ ಇಷ್ಟು ವರ್ಷವಾದರೂ ನನ್ನ ಹತ್ತಿರ ಉತ್ತರ ಇಲ್ಲ. ಕುರ್ಚಿ ಹತ್ತಿ ತಲೆ ಮೇಲೆ ಡಬ್ಬಿ ಹಿಡಿಯುವುದು, ಅದೂ ಬಿದ್ದರೆ ಎತ್ತುವವರು ಯಾರೂ ಇಲ್ಲದ ಮನೆಯಲ್ಲಿ, ಬೇಡವೇ ಬೇಡ. ಈಗ ನಾನು ಮಾಡುವುದು ಇಷ್ಟು. ಮಂಚ ಗೋಡೆಯಿಂದ ಒಂದಿಷ್ಟು ಆಚೆ ಎಳೆಯುತ್ತೇನೆ, ಡಬ್ಬಿ ರಟ್ಟು ತೊಡೆ ಮೇಲೆ ಇಟ್ಟುಕೊಂಡು ಕೂರುತ್ತೇನೆ, ಅದು ಇಳಿಯುವವರೆಗೂ ಅಕ್ಕನ ಜೊತೆ ಫೋನಲ್ಲಿ ಮಾತಾಡುತ್ತೇನೆ. "ಇಳೀತಾ?" ಅಂತ ಐದೈದು ನಿಮಿಷಕ್ಕೆ ಕೇಳುತ್ತಾಳೆ. ಕಳೆದ ಸಲ ಅದು ಇಳಿಯುವ ಮೊದಲು ಅವಳೇ ನಿದ್ದೆ ಹೋದಳು.