ಫಾರ್ಮಾ ಪ್ಲಾಂಟ್‌ನಲ್ಲಿ ಟ್ರೇನಿಂಗ್ ಸಾಫ್ಟ್‌ವೇರ್: ಕೆಲವು ವರ್ಷ ಬಳಸಿದ್ಮೇಲೆ ಅನ್ಸಿದ್ದು

ಬ್ರ್ಯಾಂಡ್ ಹೆಸರು ಬರೆಯಲ್ಲ, ರಿನ್ಯೂವಲ್ ಮಾತುಕತೆ ನಡೀತಿದೆ. ನಾನಿರೋದು ಇಂಜೆಕ್ಷನ್ ವಯಲ್ ತುಂಬೋ ಪ್ಲಾಂಟ್‌ನ ಕ್ಯೂಎನಲ್ಲಿ, ಅಂದ್ರೆ ಕ್ವಾಲಿಟಿ ನೋಡ್ಕೊಳ್ಳೋ ವಿಭಾಗದಲ್ಲಿ. ಯಾರಿಗೆ ಯಾವ ಎಸ್‌ಒಪಿ (ಕೆಲಸ ಹೆಂಗೆ ಮಾಡ್ಬೇಕು ಅಂತ ಹಂತ ಹಂತವಾಗಿ ಬರೆದಿರೋ ಸೂಚನೆ) ಟ್ರೇನಿಂಗ್ ಆಗಿದೆ, ಯಾರದು ಬಾಕಿ ಅಂತ ಲೆಕ್ಕ ಇಡೋದು ನಮ್ಮ ತಲೆಗೇ ಕಟ್ಟಿರೋ ಕೆಲಸ. ಮೊದ್ಲು ಎಕ್ಸೆಲ್ ಶೀಟು, ಸಹಿ ಹಾಕ್ಸಿದ ಅಟೆಂಡೆನ್ಸ್ ಪೇಪರು, ಆಡಿಟ್ ಅಂದ್ರೆ ಹಿಂದಿನ ರಾತ್ರಿಯೆಲ್ಲ ಫೈಲ್ ಹುಡುಕಾಟ. ಅದಂತೂ ತಪ್ತು.

ಕೊಟ್ಟ ದುಡ್ಡು ವಸೂಲಾಗೋದು ಲಾಕ್ ಅನ್ನೋ ಒಂದೇ ಫೀಚರ್‌ನಿಂದ. ಕ್ವಾಲಿಫಿಕೇಷನ್ ಡೇಟ್ ಮುಗಿದಿರೋ ಆಪರೇಟರ್ ಹೆಸ್ರನ್ನ ಸೂಪರ್‌ವೈಸರ್ ಶಿಫ್ಟ್‌ಗೆ ಹಾಕೋಕೆ ಹೋದ್ರೆ ಸಿಸ್ಟಮ್ ತಗೊಳಲ್ಲ. ಅಸೆಪ್ಟಿಕ್ ಏರಿಯಾದಲ್ಲಿ (ಸೂಕ್ಷ್ಮಾಣು ಸೇರದ ಹಾಗೆ ಔಷಧಿ ತುಂಬೋ ಜಾಗ) ಇದು ಬೇಕೇ ಬೇಕು, ಯಾಕಂದ್ರೆ ಅಲ್ಲಿ ಓದಿ ಸಹಿ ಹಾಕಿದ್ರೆ ಆಗಲ್ಲ, ಗೌನ್ ಹಾಕೊಂಡ್ಮೇಲೆ ಗ್ಲೌಸ್, ಮುಂಗೈ, ಎದೆ ಮೇಲೆ ಮೀಡಿಯಾ ಪ್ಲೇಟ್ (ಸೂಕ್ಷ್ಮಾಣು ಇದ್ರೆ ಬೆಳೆದು ಕಾಣೋ ತಟ್ಟೆ) ಒತ್ತಿ ಇನ್‌ಕ್ಯುಬೇಟರ್‌ಗೆ ಇಟ್ಟು ಮೈಕ್ರೋಬಯಾಲಜಿಯವ್ರು ರಿಸಲ್ಟ್ ಕೊಟ್ಮೇಲೇ ಆ ಮನುಷ್ಯ ಪಾಸು, ಜೊತೆಗೆ ವರ್ಷಕ್ಕೊಂದು ಸಲನಾದ್ರೂ ಮೀಡಿಯಾ ಫಿಲ್‌ನಲ್ಲಿ (ಔಷಧಿ ಬದ್ಲು ಸೂಕ್ಷ್ಮಾಣು ಬೆಳೆಯೋ ದ್ರವ ತುಂಬಿ ನೋಡೋ ಪರೀಕ್ಷೆ) ಇರ್ಬೇಕು. ವಯಲ್ ಕಣ್ಣಲ್ಲಿ ನೋಡಿ ಆರಿಸೋರಿಗೆ ಕಣ್ಣಿನ ಟೆಸ್ಟು, ಡಿಫೆಕ್ಟ್ ಕಿಟ್ ಟೆಸ್ಟು (ಬೇಕಂತ್ಲೇ ಸೇರಿಸಿದ ದೋಷದ ವಯಲ್ ಹುಡುಕೋದು) ಬೇರೆ. ಇಷ್ಟೂ ಡೇಟನ್ನ ಎಕ್ಸೆಲ್‌ನಲ್ಲಿ ಯಾರಾದ್ರೂ ಒಬ್ರು ನೆನಪಿಟ್ಕೋಬೇಕಿತ್ತು, ಅವ್ರು ರಜ ಹಾಕಿದ್ರೆ ಮುಗೀತು ಕಥೆ.

ಕೆಟ್ಟದ್ದು ಅಂದ್ರೆ 'ಓದಿದ್ದೇನೆ, ಅರ್ಥವಾಗಿದೆ' ಬಟನ್. ಎಸ್‌ಒಪಿನಲ್ಲಿ ಫಾರ್ಮ್ಯಾಟ್ ನಂಬರ್ ಒಂದು ಬದಲಾದ್ರೂ ಇಡೀ ಡಿಪಾರ್ಟ್‌ಮೆಂಟ್‌ಗೆ ಮತ್ತೆ ಟ್ರೇನಿಂಗ್ ಬೀಳತ್ತೆ, ಡ್ಯೂಟಿ ಮುಗಿಯೋ ಹೊತ್ತಿಗೆ ಚೇಂಜ್ ರೂಮ್ ಹೊರಗಿರೋ ಒಂದೇ ಕಂಪ್ಯೂಟರ್ ಮುಂದೆ ಕ್ಯೂ, ಅರ್ಧ ಜನ ಪಾಸ್‌ವರ್ಡ್ ಮರೆತಿರ್ತಾರೆ, 21 ಸಿಎಫ್‌ಆರ್ ಪಾರ್ಟ್ 11 (ಎಲೆಕ್ಟ್ರಾನಿಕ್ ದಾಖಲೆ, ಸಹಿ ಬಗ್ಗೆ ಅಮೆರಿಕದ ಎಫ್‌ಡಿಎ ನಿಯಮ) ಪ್ರಕಾರ ಒಬ್ರ ಲಾಗಿನ್ ಇನ್ನೊಬ್ರು ಬಳಸೋ ಹಾಗಿಲ್ಲ, ಹಂಗಾಗಿ ಐಟಿಗೆ ಫೋನು. ಇದೆಲ್ಲ ದಾಟಿ ಬಂದೋನು ನಲವತ್ತು ಪೇಜ್ ಎಸ್‌ಒಪಿನ ಓದ್ತಾನಾ? ಒತ್ತಿ ಹೋಗ್ತಾನೆ. ಮಜಾ ಏನಂದ್ರೆ ಫೈಲ್ ತೆಗೆದ ಟೈಮು, ಸಹಿ ಹಾಕಿದ ಟೈಮು ಎರಡೂ ಆಡಿಟ್ ಟ್ರೇಲ್‌ನಲ್ಲಿ ಕೂತಿರತ್ತೆ. ಒಬ್ಬ ಆಡಿಟರ್ ಇದನ್ನೇ ತೆಗೆಸಿ ಎರಡು ನಿಮಿಷದಲ್ಲಿ ಹೆಂಗೆ ಓದಿದ್ರಿ ಅಂತ ಕೇಳಿದ್ರು, ನಮ್ಮ ಹೆಡ್ ಸೀಲಿಂಗ್ ನೋಡ್ತಿದ್ರು.

ಕನ್ನಡದ ವಿಷ್ಯಕ್ಕೆ ಬಂದ್ರೆ ಬೇಜಾರು. ಡೆಮೋದಲ್ಲಿ ಎಲ್ಲಾ ಭಾಷೆ ಸಪೋರ್ಟ್ ಮಾಡತ್ತೆ ಅಂದ್ರು, ಸ್ಕ್ರೀನ್ ಮೇಲೆ ಸರಿಯಾಗೇ ಕಾಣತ್ತೆ, ಪಿಡಿಎಫ್ ತೆಗೆದ್ರೆ ಒತ್ತಕ್ಷರ ಎಲ್ಲ ಬಿಡಿಬಿಡಿ. ಪ್ಯಾಕಿಂಗ್ ಲೈನ್‌ನಲ್ಲಿ ಕನ್ನಡ, ಹಿಂದಿ, ಒಡಿಯಾ ಮಾತಾಡೋರು ಒಟ್ಟಿಗಿದ್ದಾರೆ, ಅವ್ರಿಗೆ ಇಂಗ್ಲಿಷ್ ಕ್ವಿಜ್ ಕೊಟ್ಟು ನೂರಕ್ಕೆ ನೂರು ಬಂದಿದೆ ಅಂದ್ರೆ ಪಕ್ಕದೋನು ಹೇಳ್ಕೊಟ್ಟಿದ್ದಾನೆ ಅಂತ್ಲೇ ಅರ್ಥ. ಆನ್ ದ ಜಾಬ್ ಟ್ರೇನಿಂಗ್ ಮಾತ್ರ ನಾವು ಸೀನಿಯರ್ ಆಪರೇಟರ್ ಪಕ್ಕದಲ್ಲಿ ನಿಂತು ಮಾಡ್ಸಿ ನೋಡೋದೇ, ಸಾಫ್ಟ್‌ವೇರ್‌ಗೆ ಆಮೇಲೆ ಎಂಟ್ರಿ. ಅದೇ ಎಫ್‌ಡಿಎ ನಿಯಮಗಳಲ್ಲಿ ಸಿಬ್ಬಂದಿ ಅರ್ಹತೆ ಬಗ್ಗೆ ಇರೋ 211.25 ಕೂಡ ವಿದ್ಯಾಭ್ಯಾಸ, ಟ್ರೇನಿಂಗು, ಅನುಭವ ಅಂತ ಮೂರನ್ನೂ ಹೇಳತ್ತೆ, ಬರೀ ಕ್ಲಿಕ್ ಲೆಕ್ಕ ಕೇಳಲ್ಲ.

ನಾವು ಎಣಿಸದೇ ಇದ್ದ ಲಾಭ ಒಂದು ಸಿಕ್ತು. ಡೀವಿಯೇಷನ್ (ಎಸ್‌ಒಪಿ ತಪ್ಪಿ ಏನಾದ್ರೂ ನಡೆಯೋದು) ಆದಾಗ್ಲೆಲ್ಲ ಕ್ಯಾಪಾನಲ್ಲಿ (ತಪ್ಪು ಸರಿಪಡಿಸಿ ಮತ್ತೆ ಆಗದಂಗೆ ತಗೊಳ್ಳೋ ಕ್ರಮದ ದಾಖಲೆ) 'ಆಪರೇಟರ್‌ಗೆ ರೀಟ್ರೇನಿಂಗ್' ಅಂತ ಬರ್ದು ಕೈ ತೊಳ್ಕೊಳ್ಳೋದು ನಮ್ಮಲ್ಲೂ ಇತ್ತು. ರಿಪೋರ್ಟ್ ತೆಗೆದು ನೋಡಿದ್ರೆ ಒಂದೇ ಫಿಲ್ಟರ್ ಇಂಟೆಗ್ರಿಟಿ (ಫಿಲ್ಟರ್ ಹಾಳಾಗಿಲ್ಲ ಅಂತ ಪರೀಕ್ಷಿಸೋ) ಎಸ್‌ಒಪಿಗೆ ಬೇರೆ ಬೇರೆ ಶಿಫ್ಟ್‌ನೋರು ಪದೇ ಪದೇ ರೀಟ್ರೇನ್ ಆಗಿದ್ರು. ತಪ್ಪು ಆಪರೇಟರ್‌ದಲ್ಲ, ಎಸ್‌ಒಪಿನಲ್ಲಿ ಎರಡು ಸ್ಟೆಪ್ ಹಿಂದೆಮುಂದೆ ಇತ್ತು. ಸರಿ ಮಾಡಿದ್ಮೇಲೆ ಆ ಕಂಪ್ಲೇಂಟ್ ಬಂದಿಲ್ಲ.

ಪರಿಷ್ಕೃತ ಶೆಡ್ಯೂಲ್ ಎಂ (ಔಷಧಿ ತಯಾರಿಕೆಗೆ ಭಾರತದ ನಿಯಮ) ಬಂದ್ಮೇಲೆ ಸಣ್ಣ ಕಂಪನಿಯೋರೂ ಇಂಥದ್ದು ವಿಚಾರಿಸ್ತಿದ್ದಾರೆ. ಜನ ಕಮ್ಮಿ ಇದ್ರೆ ನೀಟಾಗಿರೋ ರಿಜಿಸ್ಟರ್ ಸಾಕು, ವ್ಯಾಲಿಡೇಷನ್ (ಸಾಫ್ಟ್‌ವೇರ್ ಸರಿಯಾಗಿ ಕೆಲಸ ಮಾಡತ್ತೆ ಅಂತ ದಾಖಲೆ ಸಮೇತ ತೋರಿಸೋದು) ಖರ್ಚೇ ಲೈಸೆನ್ಸ್‌ಗಿಂತ ಕಾಡತ್ತೆ. ತಗೊಳ್ಳೋದಾದ್ರೆ ಸೈನ್ ಮಾಡೋಕ್ ಮುಂಚೆ ಸಣ್ಣ ರಿವಿಷನ್‌ಗೆ ಟ್ರೇನಿಂಗ್ ಬೀಳದಂಗೆ ಸೆಟ್ ಮಾಡೋಕಾಗತ್ತಾ ಕೇಳಿ, ನಿಮ್ಮದೇ ಕನ್ನಡ ಎಸ್‌ಒಪಿ ಕೊಟ್ಟು ಪಿಡಿಎಫ್ ತೆಗೆಸಿ ನೋಡಿ. ನನ್ನ ಕಡೆಯಿಂದ 5ಕ್ಕೆ 3 ಸ್ಟಾರ್, ಅದ್ರಲ್ಲಿ ಎರಡು ಲಾಕ್‌ಗೇ.