ಸಿಡಿಯ ವೇಷದಲ್ಲಿ ಬಂದ ವೈಫೈ ಡಾಂಗಲ್: ಉಬುಂಟುವಿನಲ್ಲಿ ಮೂರು ವರ್ಷ

2022ರ ನವೆಂಬರಿನಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಕಂಪ್ಯೂಟರಿಗೆ ವೈಫೈ ಕೊಡುವ ಈ ಯುಎಸ್‌ಬಿ ಡಾಂಗಲ್ ಕೊಂಡೆ. ಹೆಬ್ಬೆರಳಿನ ಉಗುರಿನಷ್ಟು ಗಾತ್ರ, ಬೆಲೆ 550 ರೂಪಾಯಿ. ಹನುಮಂತನಗರದ ನಮ್ಮ ಮನೆಯಲ್ಲಿ ರೂಟರ್ ಇರುವುದು ನಡುಮನೆಯಲ್ಲಿ. ನಾನು ಪುಸ್ತಕಗಳ ಪುಟವಿನ್ಯಾಸ ಮಾಡುವ ಕಂಪ್ಯೂಟರ್ ಮಹಡಿಯ ಕೋಣೆಯಲ್ಲಿ. ಅದರಲ್ಲಿರುವುದು ಉಬುಂಟು 22.04, ವಿಂಡೋಸ್ ಬದಲಿಗೆ ಬಳಸುವ ಲಿನಕ್ಸಿನ ಒಂದು ರೂಪ. ಲಿನಕ್ಸಿಗೆ ಆಗುತ್ತದೆಯೇ ಎಂದು ಕೇಳಿದ್ದಕ್ಕೆ ಅಂಗಡಿಯ ಹುಡುಗ, "ಎಲ್ಲದಕ್ಕೂ ಆಗುತ್ತದೆ ಸಾರ್, ಚುಚ್ಚಿದರೆ ಸಾಕು" ಎಂದ.

ಚುಚ್ಚಿದೆ. ವೈಫೈ ಬರಲಿಲ್ಲ, ಪರದೆಯ ಮೇಲೆ ಸಿಡಿಯ ಚಿತ್ರವೊಂದು ಬಂತು! ಈ ಡಾಂಗಲ್ ವಿಂಡೋಸ್ ಡ್ರೈವರನ್ನು (ಸಾಧನವನ್ನು ನಡೆಸುವ ತಂತ್ರಾಂಶವನ್ನು) ಹೊಟ್ಟೆಯಲ್ಲಿಟ್ಟುಕೊಂಡು, ಮೊದಲು ಸಿಡಿ ಡ್ರೈವ್‌ನ ವೇಷದಲ್ಲಿ ಬರುತ್ತದೆ. ವಿಂಡೋಸಿನಲ್ಲಾದರೆ ಡ್ರೈವರ್ ಕೂತ ಮೇಲೆ ವೇಷ ತಾನೇ ಕಳಚುತ್ತದೆ. ನನ್ನಲ್ಲಿ ನಾನೇ ಕಳಚಬೇಕಾಯಿತು. ಟರ್ಮಿನಲ್‌ನಲ್ಲಿ ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ಎಲ್‌ಎಸ್‌ಯುಎಸ್‌ಬಿ ಆದೇಶ ಕೊಟ್ಟಾಗ ಕಂಡ ಗುರುತು 0ಬಿಡಿಎ:1ಎ2ಬಿ. (ಬಿಡಿಎ ಎಂದೊಡನೆ ಬೆಂಗಳೂರಿನವನಿಗೆ ನಿವೇಶನದ ಅರ್ಜಿ ನೆನಪಾಗುತ್ತದೆ, ಇಲ್ಲಿ ಅದು ಚಿಪ್ ತಯಾರಕರ ಸಂಕೇತ.) ಸಿಡಿಯನ್ನು ಇಜೆಕ್ಟ್ ಮಾಡಿದೊಡನೆ ಕೊನೆಯ ನಾಲ್ಕು ಅಂಕಿ ಸಿ811 ಆದವು. ಈಗ ಅದು ವೈಫೈ ಸಾಧನವೇ ಸರಿ, ಆದರೆ ಲಿನಕ್ಸಿನ ತಿರುಳಾದ ಕರ್ನಲ್‌ನ ಆಗಿನ 5.15 ಆವೃತ್ತಿಯಲ್ಲಿ ಅದಕ್ಕೆ ಡ್ರೈವರ್ ಇರಲಿಲ್ಲ.

ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂತಾಯಿತು. ಮೊಬೈಲನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಟೆದರಿಂಗ್ ಹಾಕಿದರೆ ಅದು ಮಾತ್ರ ತಕರಾರಿಲ್ಲದೆ ನಡೆಯಿತು. ಯಾರೋ ಪುಣ್ಯಾತ್ಮರು ಗಿಟ್‌ಹಬ್‌ನಲ್ಲಿಟ್ಟಿದ್ದ ಡ್ರೈವರನ್ನು ಕಂಪೈಲ್ ಮಾಡಿ (ನನ್ನ ಕರ್ನಲ್‌ಗೆ ಹೊಂದುವಂತೆ ಕಟ್ಟಿ) ಕೂರಿಸಿದೆ. ಡಬ್ಬದಲ್ಲಿದ್ದ ಪುಟ್ಟ ಸಿಡಿಯನ್ನು ನನ್ನ ಹೆಂಡತಿ ಪಾರಿವಾಳ ಓಡಿಸಲೆಂದು ಬಾಲ್ಕನಿಯಲ್ಲಿ ನೇತುಹಾಕಿದಳು. ಆ ಕೆಲಸವನ್ನು ಅದು ಇಂದಿಗೂ ಚೆನ್ನಾಗಿ ಮಾಡುತ್ತಿದೆ.

ಹೊರಗಿನ ಡ್ರೈವರ್ ಎಂದರೆ ಪ್ರತಿ ಹೊಸ ಕರ್ನಲ್‌ಗೂ ಹೊಸದಾಗಿ ಕಂಪೈಲ್ ಆಗಬೇಕು. ಡಿಕೆಎಂಎಸ್ ಎಂಬ ತಂತ್ರಾಂಶ ಅದನ್ನು ತಾನೇ ಮಾಡುತ್ತದೆ, ಆಗದಿದ್ದ ದಿನ ಮಾತ್ರ ಸುಮ್ಮನಿರುತ್ತದೆ. 2023ರ ಆರಂಭದಲ್ಲಿ ಕರ್ನಲ್ 5.19ಕ್ಕೆ ಏರಿದ ದಿನ ಹಾಗೆಯೇ ಆಯಿತು. ಮುದ್ರಣಾಲಯಕ್ಕೆ 160 ಪುಟದ ಪಿಡಿಎಫ್ ಕಳಿಸಬೇಕಿದ್ದ ಬೆಳಿಗ್ಗೆ ವೈಫೈ ಪಟ್ಟಿಯೇ ಖಾಲಿ. ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿ ಕೆಲಸ ಮುಗಿಸಿದೆ. ತಯಾರಕರ ಸಹಾಯವಾಣಿಯವರು ವಿಂಡೋಸ್ ಹಾಕಿಕೊಳ್ಳಿ ಎಂದರು. ಆರು ನೂರರೊಳಗಿನ ಡಾಂಗಲ್‌ಗಾಗಿ ಕಂಪ್ಯೂಟರಿನ ಧರ್ಮವನ್ನೇ ಬದಲಿಸಬೇಕಂತೆ.

ಅದೇ ಆಗಸ್ಟಿನಲ್ಲಿ ಅಪ್‌ಡೇಟ್ ಮೂಲಕ 6.2 ಕರ್ನಲ್ ಬಂತು. ಕರ್ನಲ್‌ನೊಳಗೇ ಇರುವ ಆರ್‌ಟಿಡಬ್ಲ್ಯೂ88 ಎಂಬ ವೈಫೈ ಡ್ರೈವರಿಗೆ ಯುಎಸ್‌ಬಿ ಬೆಂಬಲ ಸೇರಿದ್ದು ಈ ಆವೃತ್ತಿಯಲ್ಲೇ, ನನ್ನ ಸಿ811 ಕೂಡ ಅದರಲ್ಲಿತ್ತು. ಹೊರಗಿನ ಡ್ರೈವರ್ ಕಿತ್ತುಹಾಕಿದೆ. ಮೊದಮೊದಲು ವೇಗ ಕುಂಟುತ್ತಿತ್ತು, 6.8ಕ್ಕೆ ಬಂದ ಮೇಲೆ ಆ ಗೋಳು ನನ್ನಲ್ಲಿ ಇಲ್ಲವಾಯಿತು. ಡಾಂಗಲ್ ಮಾರಿದವರು ಬೆರಳನ್ನೂ ಅಲ್ಲಾಡಿಸಲಿಲ್ಲ, ಡಾಂಗಲ್ ಸುಧಾರಿಸಿತು.

ಡಬ್ಬದ ಮೇಲಿನ 600 ಎಂಬ ವೇಗ ನಂಬಬೇಡಿ. ಅದು 2.4 ಗಿಗಾಹರ್ಟ್ಸ್‌ನ 150 ಮತ್ತು 5 ಗಿಗಾಹರ್ಟ್ಸ್‌ನ 433 ಮೆಗಾಬಿಟ್‌ಗಳನ್ನು ಕೂಡಿಸಿ ಉಬ್ಬಿಸಿದ ಲೆಕ್ಕ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಇನ್ನೊಂದು ಮಾತು: ಪಕ್ಕದ ಪೋರ್ಟಿನಲ್ಲಿ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಬ್ಯಾಕಪ್ ನಡೆಯುವಾಗ 2.4ರ ಸಂಪರ್ಕ ಕಡಿಯುತ್ತಿತ್ತು. ಅದಕ್ಕೆ ಲಿನಕ್ಸನ್ನು ಬೈಯುವಂತಿಲ್ಲ. ಯುಎಸ್‌ಬಿ 3.0 ಹೊಮ್ಮಿಸುವ ಗದ್ದಲ ಅದೇ ತರಂಗಾಂತರಕ್ಕೆ ಬೀಳುತ್ತದೆ ಎಂದು ಇಂಟೆಲ್ 2012ರಲ್ಲೇ ಪ್ರಕಟಿಸಿತ್ತು. ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ದೂರವಿಟ್ಟೆ, ಸರಿಹೋಯಿತು.

ಐದಕ್ಕೆ ಮೂರು ಅಂಕ ಕೊಡುತ್ತೇನೆ, ಮೂರೂ ಕರ್ನಲ್ ಬರೆದವರಿಗೆ.

ಕಳೆದ ತಿಂಗಳು ಅಕ್ಕನ ಮಗನಿಗೆ ಇಂಥದ್ದೇ ಬೇಕಾಯಿತು. ಈ ಸಲ ಲ್ಯಾಪ್‌ಟಾಪ್ ಹೊತ್ತುಕೊಂಡೇ ಎಸ್.ಪಿ. ರಸ್ತೆಗೆ ಹೋದೆ. ಅದೇ ಡಬ್ಬ, ಅದೇ ಮಾದರಿ ಸಂಖ್ಯೆ. ಚುಚ್ಚಿ ನೋಡಿದರೆ ಒಳಗಿನ ಚಿಪ್ ಬೇರೆ, ಡ್ರೈವರ್ ಇಲ್ಲ. "ಡಬ್ಬ ಒಂದೇ ಅಲ್ಲವೇ ಸಾರ್?" ಎಂದು ಹುಡುಗ ಕೇಳಿದ. ಕೌಂಟರಿನ ಮೇಲೆ ಇನ್ನೂ ನಾಲ್ಕು ಬಿಚ್ಚಿಸಿದೆ. ಹೆಸರೇ ಇಲ್ಲದ ಒಂದು 450 ರೂಪಾಯಿಯದು ಚುಚ್ಚಿದೊಡನೆ ಅಂಗಡಿಯ ವೈಫೈ ತೋರಿಸಿತು. ಪಾಸ್‌ವರ್ಡ್ ಕೇಳಿದೆ. ಹುಡುಗ ಕೊಡಲಿಲ್ಲ, ಡಾಂಗಲ್ ಕೊಟ್ಟ.